ಸೇತುವೆ ಮೇಲಿನ ಎರಡು ಸಾಲು

ಆ ಮನೇಲಿ ಅತ್ತೆ-ಸೊಸೆ ಜಗಳಕ್ಕೆ ದೊಡ್ಡ ಕಾರಣ ಏನೂ ಬೇಕಿರ್ಲಿಲ್ಲ. ಪಾತ್ರೆ ತೊಳೆಯೋ ಸ್ಪಂಜು ಸಾಕಿತ್ತು.

"ಹಿಂಡಿ ಇಡು ಅಂತ ಎಷ್ಟು ಸಲ ಬಡ್ಕೋಬೇಕೇ? ಯಾವಾಗ ನೋಡಿದ್ರೂ ನೀರು ಕುಡ್ಕೊಂಡು ಸಿಂಕಲ್ಲಿ ಬಿದ್ದಿರುತ್ತೆ."

"ಹಿಂಡ್ತೀನಿ ಅತ್ತೆ. ಈ ಪ್ಯಾರಾ ಒಂದು ಮುಗೀಲಿ."

"ನಿನ್ನ ಪ್ಯಾರಾ ಮುಗಿಯೋ ಹೊತ್ತಿಗೆ ಸ್ಪಂಜಿಗೆ ಬೇರು ಬಂದಿರುತ್ತೆ!"

ಸೊಸೆ ಪೆನ್ನು ಕೆಳಗಿಟ್ಲು. "ಹಾಗಾದ್ರೆ ಇನ್ನು ಸ್ವಲ್ಪ ದಿನ ನೀವೇ ಹಿಂಡ್ಕೊಳ್ಳಿ. ಸೋಮವಾರ ಹೊರಡ್ತಿದೀನಿ."

"ಎಲ್ಲಿಗೆ?" ಅಂತ ಕೇಳಿದ್ದು ಅತ್ತೆಯ ಮಗ, ಸೊಸೆಯ ಗಂಡ. ಬಾಯಲ್ಲಿ ಆಲೂಗಡ್ಡೆ ಇತ್ತು.

"ಯುದ್ಧಕ್ಕೆ" ಅಂದ್ಲು ಸೊಸೆ, ಹಾಲು ತರೋಕೆ ಅನ್ನೋ ಹಾಗೆ.

ಮಗನಿಗೆ ಕನ್ನಡಕದಂಗಡಿ. ಇಡೀ ದಿನ ಬೇರೆಯವರ ಕಣ್ಣಿಗೆ ಗಾಜು ಹಾಕಿ ನೋಡೋ ಕೆಲಸ, ಹಾಗಾಗಿ ಎಲ್ಲದನ್ನೂ ನಿಧಾನಕ್ಕೆ ನೋಡೋನು. ಆಲೂಗಡ್ಡೆ ನುಂಗಿ, ನೀರು ಕುಡಿದು, ಆಮೇಲೆ ಕೇಳಿದ: "ನಿಮ್ಮ ಪೇಪರಲ್ಲಿ ವರದಿ ಮಾಡೋಕೆ ಗಂಡಸರಿಗೇನು ಬರಗಾಲ ಬಂದಿದ್ಯಾ?"

"ಆರು ಜನ ಇದಾರೆ. ಇಬ್ಬರಿಗೆ ಬೆನ್ನುನೋವು, ಒಬ್ಬರಿಗೆ ಮಗಳ ಮದುವೆ, ಮಿಕ್ಕೋರಿಗೆ ಆ ಭಾಷೆ ಬರಲ್ಲ. ನಂಗೆ ಬರುತ್ತೆ."

"ಬರೋದನ್ನೆಲ್ಲ ಮಾಡ್ಬೇಕು ಅಂತಿದ್ಯಾ? ನಂಗೆ ಈಜು ಬರುತ್ತೆ, ಹಾಗಂತ ಸಮುದ್ರಕ್ಕೆ ಬಿದ್ನಾ?"

ಅವರಿಬ್ಬರ ಒಂಬತ್ತು ವರ್ಷದ ಮಗಳು ಕಿಸಕ್ಕಂತ ನಕ್ಕಳು. ಅವಳನ್ನ ಮನೇಲೆಲ್ಲ ಪಿಟೀಲು ಅಂತಿದ್ರು. ಹುಟ್ಟಿದಾಗ ಅತ್ತ ದನಿ ಹಾಗಿತ್ತಂತೆ, ಹೆಸರು ಅಂಟ್ಕೊಂಡ್ತು. ಆದ್ರೆ ನಕ್ಕ ಮೇಲೆ ಅಪ್ಪನ ಮುಖ ನೋಡಿದ್ಲು, ಅಮ್ಮನ ಮುಖ ನೋಡಿದ್ಲು, ತಟ್ಟೆ ಪಕ್ಕಕ್ಕೆ ಸರಿಸಿ ಎದ್ದುಹೋದ್ಲು.

ಅತ್ತೆ ಮಾತ್ರ ತನ್ನ ಪಾಡಿಗೆ ಊಟ ಮುಂದುವರಿಸಿದ್ಲು. ಯಾಕಂದ್ರೆ ಅವಳಿಗೆ ಇದು ಮಧ್ಯಾಹ್ನವೇ ಗೊತ್ತಿತ್ತು. ಅವಳೂ ಅದೇ ಪೇಪರಲ್ಲೇ ಕೆಲಸ ಮಾಡ್ತಿದ್ದದ್ದು.

ಅವಳ ಕೆಲಸ ಏನು ಅಂತ ಹೇಳಿಬಿಡ್ತೀನಿ, ಅದು ಗೊತ್ತಿಲ್ದೆ ಈ ಕಥೆ ಮುಂದಕ್ಕೆ ಹೋಗಲ್ಲ. ಆಫೀಸಿನ ಎರಡನೇ ಮಹಡೀಲಿ, ಮೆಟ್ಟಿಲ ಪಕ್ಕ, ಬೆಂಕಿಪೊಟ್ಟಣದಷ್ಟು ಒಂದು ರೂಮು. ಒಂದು ಫೋನು, ಕಿವಿಗೆ ಹಾಕ್ಕೊಳ್ಳೋ ಹೆಡ್‌ಫೋನು, ಒಂದು ಟೈಪ್‌ರೈಟರ್. ದೂರದೂರಿನ ವರದಿಗಾರರು ಫೋನ್ ಮಾಡಿ ವರದಿ ಹೇಳ್ತಾರೆ, ಅವಳು ಶೀಘ್ರಲಿಪೀಲಿ ಪ್ಯಾಡಿನ ಮೇಲೆ ಬರ್ಕೋತಾಳೆ. ಮುಗಿದ ಮೇಲೆ ಅಷ್ಟನ್ನೂ ಅವರಿಗೇ ವಾಪಸ್ ಓದಿ ಹೇಳ್ಬೇಕು. ಅವರು ಸರಿ ಅಂದ ಮೇಲೆ ಲೈನ್ ಕಟ್. ಆಮೇಲೆ ಟೈಪ್ ಮಾಡಿ ಸಂಪಾದಕರ ಮೇಜಿಗೆ. ಇಪ್ಪತ್ತಾರು ವರ್ಷದಿಂದ ಇದೇ. ಆಫೀಸಲ್ಲಿ ಅವಳ ಹೆಸರು ಕಿವಿಯಮ್ಮ. ಆ ರೂಮಿನ ಮುಖ್ಯ ನಿಯಮ ಎರಡು: ಹೇಳಿದ್ದನ್ನ ಬಿಡಬಾರದು, ಹೇಳದ್ದನ್ನ ಸೇರಿಸಬಾರದು. ಮನೆ ಮಾತಂತೂ ಲೈನ್ ಮೇಲೆ ಬರಲೇ ಕೂಡದು. ನಿಮಿಷಕ್ಕೆ ಅಷ್ಟು ದುಡ್ಡು, ಹಿಂದೆ ಇನ್ಯಾರೋ ಫೋನಿಗೆ ಸಾಲಲ್ಲಿ ನಿಂತಿರ್ತಾರೆ.

ಅಂದ್ರೆ ಸ್ಪಂಜಿಗೆ ಕಿತ್ತಾಡೋ ಇಬ್ಬರೂ, ಸೊಸೆ ವರದಿಗೆ ಅಂತ ಹೊರಗೂರಿಗೆ ಹೋದಾಗ, ಸಂಜೆ ಐದಕ್ಕೆ ಫೋನಿನ ಎರಡು ತುದೀಲಿ ಕೂತು, "ಮುಂದೆ ಹೇಳಿ", "ಹೊಸ ಪ್ಯಾರಾ" ಅಂತ ಮರ್ಯಾದೆ ಕೊಟ್ಟು ಮಾತಾಡ್ತಿದ್ರು. ಕಿವಿಯಮ್ಮನಿಗೆ ಸೊಸೆ ಕೈಲಿ ಒಂದು ಮೊಟ್ಟೆ ಸರಿಯಾಗಿ ಬೇಯಿಸೋಕೆ ಬರಲ್ಲ ಅಂತ ಗೊತ್ತು. ಆದ್ರೆ ಈ ಇಪ್ಪತ್ತಾರು ವರ್ಷದಲ್ಲಿ ಕೇಳಿದ ಅಷ್ಟೂ ದನಿಗಳಲ್ಲಿ, ಒಂದು ಪದ ಹೆಚ್ಚಿಲ್ದೆ ಒಂದು ಪದ ಕಮ್ಮಿಯಿಲ್ದೆ ಹೇಳೋಳು ಇವಳೊಬ್ಬಳೇ ಅಂತಾನೂ ಗೊತ್ತು. ಅದನ್ನ ಅವಳು ಯಾರ ಹತ್ರಾನೂ ಹೇಳಿರ್ಲಿಲ್ಲ. ಸೊಸೆ ಹತ್ರ ಅಂತೂ ಸತ್ರೂ ಹೇಳ್ತಿರ್ಲಿಲ್ಲ.

ಸೋಮವಾರ ಬೆಳಿಗ್ಗೆ ಸೊಸೆ ಹೊರಟ್ಲು. ಗಂಡ ಮುಖ ಊದಿಸ್ಕೊಂಡೇ ಚೀಲ ಎತ್ಕೊಟ್ಟ.

"ಕನ್ನಡಕ ಇನ್ನೊಂದು ಜೊತೆ ಇಟ್ಟಿದೀನಿ, ಕಾಲುಚೀಲದೊಳಗೆ. ಒಡಕೋಬೇಡ."

"ಕನ್ನಡಕಾನಾ, ನನ್ನನ್ನಾ?"

"ಎರಡನ್ನೂ."

ಕಿವಿಯಮ್ಮ ಬಾಗಿಲಲ್ಲಿ ನಿಂತು ಅಂದದ್ದು ಇಷ್ಟೇ: "ಐದು ಗಂಟೆ ದಾಟಿಸ್ಬೇಡ. ಐದೂವರೆಗೆ ಕ್ರೀಡಾಪುಟದವನು ಫೋನ್ ಹಿಡ್ಕೊಂಡ್ರೆ ಬಿಡಲ್ಲ."

ಮೊದಲ ವಾರ ಮನೆ ಅಡ್ಡಾದಿಡ್ಡಿ ನಡೀತು. ಮಗ ಅಡುಗೆ ಮಾಡ್ದ. ಅನ್ನ ಒಂದಿನ ಗಂಜಿ, ಒಂದಿನ ಜಲ್ಲಿಕಲ್ಲು. ಪಿಟೀಲಿನ ಜಡೆ ಒಂದು ಮೇಲೆ ಒಂದು ಕೆಳಗೆ. ಬಟ್ಟೆ ಒಗೆಯೋದು ಯಾರ ಸರದಿ ಅಂತ ಅಪ್ಪ-ಮಗಳು ವಾದ ಮಾಡೋ ಹೊತ್ತಿಗೆ ಶುಕ್ರವಾರ ಬಂದುಬಿಡ್ತು. ಸಂಜೆ ಅಜ್ಜಿ ಚಪ್ಪಲಿ ಬಿಡೋ ಮೊದಲೇ ಮೊಮ್ಮಗಳ ಪ್ರಶ್ನೆ: "ಅಮ್ಮ ಏನಂದ್ಲು?"

"ಚೆನ್ನಾಗಿದಾಳಂತೆ."

"ಹಾಗಂತ ಹೇಳಿದ್ಳಾ?"

"ದನೀಲಿ ಗೊತ್ತಾಗುತ್ತೆ."

ಬೆಳಿಗ್ಗೆ ಪೇಪರ್ ಬಂದ್ರೆ ಮೂರು ಜನರೂ ಮೇಜಿನ ಮೇಲೆ ಬಗ್ಗಿ ಓದೋರು. ಎರಡನೇ ವಾರ ಒಂದು ವರದೀಲಿ ಸೊಸೆ ಬರೆದಿದ್ಲು: ತಾನಿದ್ದ ಹೋಟೆಲಿನ ಮೂರನೇ ಮಹಡಿಗೆ ಶೆಲ್ ಬಿತ್ತು, ತಾನು ಒಂದನೇ ಮಹಡೀಲಿದ್ದೆ. ಅವತ್ತು ಮಗ ಅಂಗಡಿ ಬಾಗಿಲು ತೆಗೀಲಿಲ್ಲ. ಪಿಟೀಲು ಎರಡು ದಿನ ಬ್ರೆಡ್ಡು ಮುರಿದು ಮುರಿದು ತಟ್ಟೇಲಿ ಬಿಟ್ಲು, ಬಾಯಿಗಿಡ್ಲಿಲ್ಲ.

"ಇನ್ನೊಂದು ಸಲ ಹೀಗಾದ್ರೆ ನಾನೇ ಹೋಗಿ ಕರ್ಕೊಂಡು ಬರ್ತೀನಿ" ಅಂದ ಮಗ. "ಕೈಕಾಲು ಕಟ್ಟಿಯಾದ್ರೂ."

"ಹೋಗಪ್ಪ, ಹೋಗು. ಸೈನಿಕರಿಗೆ ಕನ್ನಡಕ ಮಾರ್ಕೊಂಡು ಬಾ" ಅಂದ್ಲು ಕಿವಿಯಮ್ಮ. ಆದ್ರೆ ಮೊಮ್ಮಗಳ ತಟ್ಟೆ ತೊಳೆಯುವಾಗ ಆ ಬ್ರೆಡ್ಡಿನ ಚೂರುಗಳನ್ನ ನೋಡಿ ಅವಳ ಕೈ ಸುಮ್ನೆ ನಿಂತುಬಿಡ್ತಿತ್ತು.

ಅವಳಿಗೆ ಅವಳದೇ ಒಂದು ಭಯ ಇತ್ತು. ಆಫೀಸಿನ ಮೆಟ್ಟಿಲಲ್ಲಿ ಮೂರು ಫೋಟೋ ತೂಗುಹಾಕಿದ್ರು, ಮೂರೂ ಹೆಂಗಸರದ್ದು, ಮೂವರೂ ಆ ಪೇಪರಿಗೋಸ್ಕರ ಯುದ್ಧಕ್ಕೆ ಹೋದೋರು. ಮೊದಲನೆಯವಳು ಕುದುರೆಗಾಡಿ ಕಾಲದವಳು. ಅವಳ ಕಾಗದಗಳು "ನಮ್ಮ ಬಾತ್ಮೀದಾರರಿಂದ" ಅಂತ ಅಚ್ಚಾಗ್ತಿದ್ವು, ಹೆಸರಿಲ್ಲ. ಓದಿದೋರೆಲ್ಲ ಯಾರೋ ಧೀರ ಗಂಡಸು ಅನ್ಕೊಂಡಿದ್ರು. ಒಬ್ಬ ಯಜಮಾನ ತನ್ನ ಮಗಳನ್ನ ಆ ಬಾತ್ಮೀದಾರರಿಗೆ ಕೊಡ್ತೀನಿ ಅಂತ ಆಫೀಸಿಗೆ ಕಾಗದ ಹಾಕಿದ್ನಂತೆ! ಎರಡನೆಯವಳಿಗೆ ಸೈನ್ಯದೋರು ಪರವಾನಗಿ ಕೊಡ್ಲಿಲ್ಲ, ಹೆಂಗಸಿಗೆ ಅಲ್ಲೇನು ಕೆಲಸ ಅಂತ. ಅವಳು ಬ್ಯಾಂಡೇಜ್ ಕಟ್ಟೋ ಕೆಲಸಕ್ಕೆ ಸೇರ್ಕೊಂಡು ಹೋದ್ಲು, ಬ್ಯಾಂಡೇಜ್ ಸುತ್ತಿ ಬರೋ ಕಾಗದದ ಮೇಲೇ ವರದಿ ಬರೆದು ಕಳಿಸಿದ್ಲು.

ಮೂರನೆಯವಳ ದನಿ ಕಿವಿಯಮ್ಮನ ಕಿವೀಲೇ ಇತ್ತು. ಕೆಲಸಕ್ಕೆ ಸೇರಿದ ಮೊದಲ ವರ್ಷ. "ಈ ಬೀದಿಯ ಬೇಕರಿ ಇವತ್ತೂ ತೆರೆದಿದೆ, ಜನ ಸಾಲಾಗಿ" ಅಂತ ಹೇಳ್ತಿದ್ದ ಹಾಗೇ ಲೈನ್ ಹೋಯ್ತು. ಮತ್ತೆ ಬರ್ಲಿಲ್ಲ. ಅವಳೂ ಬರ್ಲಿಲ್ಲ. ಉಪಸಂಪಾದಕ ಬಂದು, ಆ ವಾಕ್ಯ ನೀನೇ ಮುಗಿಸಮ್ಮ, "ನಿಂತಿದ್ದಾರೆ" ಅಂತ ಹಾಕು ಅಂದ. ಆಗಿನ್ನೂ ಕೆಲಸಕ್ಕೆ ಹೊಸಬಳು ಅವಳು. ಆದ್ರೂ ಅಂದ್ಲು: "ಅವರು ಹೇಳಿಲ್ಲ ಸಾರ್. ನಾನು ಹಾಕಲ್ಲ." ಪೇಪರಲ್ಲಿ ಹಾಗೇ ಬಂತು, ಅರ್ಧಕ್ಕೇ.

ಅಂಥವಳು ಮಾಡಿದ ಕೆಲಸ ಇದು.

ಮೂರನೇ ವಾರದ ಬುಧವಾರ, ಐದಕ್ಕೆ ಇನ್ನೂ ಹತ್ತು ನಿಮಿಷ. ಲೈನ್ ತುಂಬ ಕರಕರ. ಸೊಸೆ ದನಿ ಯಾಕೋ ಜೋರು, ಕಿವುಡರ ಹತ್ರ ಮಾತಾಡೋ ಹಾಗೆ. ನದಿ, ಸೇತುವೆ, ಊರು ಬಿಟ್ಟು ಓಡ್ತಿರೋ ಜನ. ಕಿವಿಯಮ್ಮನ ಪೆನ್ಸಿಲ್ ಓಡ್ತಿತ್ತು.

"ಮಧ್ಯಾಹ್ನ ಎರಡೂಕಾಲಿಗೆ ಬಾಂಬ್ ಬಿದ್ದಾಗ ಸೇತುವೆಯ ಮೇಲೆ ಸುಮಾರು ಮುನ್ನೂರು ಜನರಿದ್ದರು. ನಾನೂ ಅವರ ನಡುವೆ ಇದ್ದೆ; ನನ್ನ ಮುಂದಿದ್ದ ಕೈಗಾಡಿ, ಅದನ್ನು ತಳ್ಳುತ್ತಿದ್ದ ಮುದುಕನ ಸಮೇತ ನದಿಗೆ ಬಿತ್ತು. ನನ್ನ ಎಡಗಿವಿ ಆಗಿನಿಂದ ಕೇಳಿಸುತ್ತಿಲ್ಲ. ಹೊಸ ಪ್ಯಾರಾ."

ಪೆನ್ಸಿಲ್ ನಿಲ್ಲಲಿಲ್ಲ. ಇಪ್ಪತ್ತಾರು ವರ್ಷದ ಕೈ, ಅದಕ್ಕೆ ಅತ್ತೆ-ಸೊಸೆ ಗೊತ್ತಿಲ್ಲ. ಕಿವಿಯಮ್ಮ ಎಲ್ಲ ವಾಪಸ್ ಓದಿದ್ಲು, ಆ ಸಾಲುಗಳನ್ನೂ. ದನಿ ಒಂಚೂರೂ ಅಲುಗಲಿಲ್ಲ.

"ಸರಿ ಇದೆ" ಅಂದ್ಲು ಸೊಸೆ. "ನಾಳೆಯಿಂದ ಹಳ್ಳಿಗಳ ಕಡೆ ಹೋಗ್ತಿದೀನಿ. ಅಲ್ಲಿ ಫೋನ್ ಇಲ್ಲ. ನಾಲ್ಕೈದು ದಿನ." ಕಟ್.

ಟೈಪ್‌ರೈಟರಿಗೆ ಕಾಗದ ಹಾಕಿ ಕುಟ್ಟೋಕೆ ಶುರು ಮಾಡಿದ್ಲು. ಮುನ್ನೂರು ಜನರಿದ್ದರು, ಅಲ್ಲಿವರೆಗೂ ಬಂತು. ಆಮೇಲೆ ಕಣ್ಣ ಮುಂದೆ ಬಂದದ್ದು ತಟ್ಟೇಲಿ ಮುರಿದು ಬಿದ್ದ ಬ್ರೆಡ್ಡು. ಅಂಗಡಿ ಬಾಗಿಲು ಹಾಕ್ಕೊಂಡು ಕೂತ ಮಗ. ಎರಡು ಸಾಲು ತಾನೇ? ಅದು ಸೇತುವೆ ಸುದ್ದಿ ಅಲ್ಲ, ಇವಳ ಸುದ್ದಿ. ಎಲ್ಲಕ್ಕೂ ಮೊದಲು ಇವಳು ಬದುಕಿದಾಳಲ್ಲ. ಕಿವಿಯಮ್ಮನ ಬೆರಳು ಆ ಎರಡು ಸಾಲನ್ನ ಹಾರಿ ಆಚೆ ದಡಕ್ಕೆ ಹೋಗಿ ಹೊಸ ಪ್ಯಾರಾ ಹೊಡೀತು.

ಮನೇಲಿ, "ಅಮ್ಮ ಏನಂದ್ಲು?"

"ಚೆನ್ನಾಗಿದಾಳಂತೆ." ಅಂದು ಮುಖ ತಗ್ಗಿಸಿ ಚಪ್ಪಲಿ ಬಿಟ್ಲು. ಯಾರೂ ಗಮನಿಸಲಿಲ್ಲ. ಪಿಟೀಲು ಒಂದು ಪೂರ್ತಿ ಮೊಟ್ಟೆ ತಿಂದ್ಲು.

ಎರಡೇ ದಿನ. ಶುಕ್ರವಾರ ಬಾಂಬ್ ಹಾಕಿದ ಸೈನ್ಯದ ವಕ್ತಾರ ಹೇಳಿಕೆ ಕೊಟ್ಟ: ಬಾಂಬ್ ಹಾಕುವಾಗ ಸೇತುವೆ ಖಾಲಿ ಇತ್ತು, ಈ ಹೆಂಗಸು ಅಲ್ಲಿರಲೇ ಇಲ್ಲ, ಹೋಟೆಲಲ್ಲಿ ಕೂತು ಯಾರೋ ಹೇಳಿದ ಕಥೆ ಬರೆದಿದಾಳೆ, ಅಲ್ಲಿದ್ದೆ ಅಂತ ಅವಳೇ ಎಲ್ಲೂ ಬರೆದಿಲ್ಲವಲ್ಲ?

ಸಂಪಾದಕರು ವರದೀನ ಮೂರು ಸಲ ಓದಿದ್ರು. ನಿಜ, ಎಲ್ಲೂ ಇರ್ಲಿಲ್ಲ. ಅವಳನ್ನ ಕೇಳೋಣ ಅಂದ್ರೆ ಅವಳು ಫೋನಿಲ್ಲದ ಹಳ್ಳೀಲಿ. ಶನಿವಾರ ಮಧ್ಯಾಹ್ನ ಅವರು ಕಿವಿಯಮ್ಮನ ರೂಮಿನ ಬಾಗಿಲಿಗೆ ಬಂದು ನಿಂತ್ರು.

"ನಿಮ್ಮ ಸೊಸೆ ಅಂತ ಮೊದಲೇ ಹೇಳ್ತಿದೀನಮ್ಮ. ಸೋಮವಾರದ ಪೇಪರಲ್ಲಿ ಒಂದು ವಿವರಣೆ ಹಾಕ್ತಿದೀವಿ. ನಮ್ಮ ವರದಿಗಾರ್ತಿ ಸ್ಥಳದಲ್ಲಿ ಇರಲಿಲ್ಲ, ವಿಷಾದಿಸ್ತೀವಿ ಅಂತ. ಅವಳನ್ನ ವಾಪಸ್ ಕರೆಸ್ಕೋತೀವಿ. ಕ್ರೀಡಾಪುಟದವನು ಹೋಗ್ತೀನಿ ಅಂತಿದಾನೆ, ಭಾಷೆ ಬರದಿದ್ರೂ ಪರವಾಗಿಲ್ಲ."

ಕಿವಿಯಮ್ಮ ಟೈಪ್‌ರೈಟರಿಗೆ ಇನ್ನೊಂದು ಕಾಗದ ಹಾಕಿದ್ಲು. ಕೆಲಸ ಮುಗಿಸಿ ಹೊರಟಾಗ ಆ ಪ್ಯಾಡನ್ನ ಕೈಚೀಲಕ್ಕೆ ಹಾಕ್ಕೊಂಡ್ಲು. ಪ್ಯಾಡು ಆಫೀಸಿನ ಆಚೆ ಹೋಗಬಾರದು ಅನ್ನೋದೂ ಒಂದು ನಿಯಮ. ಒಂದು ಮುರಿದ ಮೇಲೆ ಇನ್ನೊಂದು ಏನು ಮಹಾ.

ಮನೇಲಿ ಮಗನಿಗೆ ಹೇಳಿದ್ಲು, ಅರ್ಧ: "ವಾಪಸ್ ಕರೆಸ್ಕೋತಾರಂತೆ."

ಮಗನ ಮುಖ ಅರಳಿದ್ದು ನೋಡ್ಬೇಕಿತ್ತು! "ನಿಜವಾ? ಯಾವಾಗ? ಅಬ್ಬಾ, ಪಿಟೀಲು, ಅಮ್ಮ ಬರ್ತಾಳಂತೆ ಕಣೇ!"

ಪಿಟೀಲು ಕುಣೀಲಿಲ್ಲ. "ಅಮ್ಮ ಸುಳ್ಳು ಬರೆದ್ಲು ಅಂತ ಕರೆಸ್ಕೋತಿದಾರಾ?"

"ಯಾರೇ ಹಾಗಂದಿದ್ದು?"

"ಶಾಲೇಲಿ. ನನ್ನ ಪಕ್ಕ ಕೂರೋಳು. ಅವರಪ್ಪ ಇನ್ನೊಂದು ಪೇಪರ್ ಓದಿ ಅಂದ್ರಂತೆ, ಹೆಂಗಸರು ಯುದ್ಧಕ್ಕೆ ಹೋದ್ರೆ ಹೋಟೆಲಿನಿಂದಾನೇ ಬರೆಯೋದು ಅಂತ." ಆಮೇಲೆ ಅಜ್ಜಿ ಕಡೆ ತಿರುಗಿದ್ಲು. "ಅಜ್ಜಿ, ನೀನೇ ಕೇಳಿದ್ದಲ್ವಾ? ಅಮ್ಮ ಸೇತುವೆ ಮೇಲೆ ಇದ್ಳಾ, ಇರ್ಲಿಲ್ವಾ?"

ಕಿವಿಯಮ್ಮ ಎದ್ದು ಅಡುಗೆಮನೆಗೆ ಹೋದ್ಲು. ಸ್ಪಂಜು ಒಣಗಿ, ಹಿಂಡಿ ಇಟ್ಟ ಹಾಗೇ, ಸಿಂಕಿನ ಅಂಚಲ್ಲಿ ಅಚ್ಚುಕಟ್ಟಾಗಿ ಕೂತಿತ್ತು. ಸುಮ್ನಿದ್ರೆ ಸೊಸೆ ವಾರದೊಳಗೆ ಮನೇಲಿರ್ತಾಳೆ. ಬದುಕಿರ್ತಾಳೆ. ಸ್ಪಂಜನ್ನ ಒದ್ದೆ ಬಿಟ್ಟು ಜಗಳ ಆಡ್ತಾಳೆ. ಆದ್ರೆ ಇನ್ಯಾವತ್ತೂ ಪೆನ್ನು ಹಿಡಿಯಲ್ಲ; ಹಿಡಿದ್ರೂ ಯಾರೂ ನಂಬಲ್ಲ. ಆ ಮುದುಕನೂ ಅವನ ಕೈಗಾಡೀನೂ ಖಾಲಿ ಸೇತುವೆ ಮೇಲಿಂದ ಬಿದ್ದ ಹಾಗಾಯ್ತು.

ವಾಪಸ್ ಬಂದು ಮೇಜಿನ ಮೇಲೆ ಪ್ಯಾಡ್ ಇಟ್ಲು.

"ಇದ್ಲು" ಅಂದ್ಲು. "ನನಗೆ ಹೇಳಿದ್ಲು. ಬರ್ಕೊಂಡೆ. ಟೈಪ್ ಮಾಡುವಾಗ ಬಿಟ್ಟೆ."

ಮಗನಿಗೆ ಅರ್ಥ ಆಗೋಕೆ ಒಂದು ನಿಮಿಷ ಹಿಡೀತು. "ಏನು ಬಿಟ್ಟೆ?"

ಓದಿ ಹೇಳಿದ್ಲು. ಎಡಗಿವಿ ಅನ್ನೋ ಹೊತ್ತಿಗೆ ಮಗ ಕುರ್ಚಿ ಹಿಂದಕ್ಕೆ ತಳ್ಳಿ ನಿಂತಿದ್ದ.

"ನಿಂಗೆ ಬುಧವಾರವೇ ಗೊತ್ತಿತ್ತು. ಗೊತ್ತಿದ್ದೂ ಚೆನ್ನಾಗಿದಾಳೆ ಅಂದ್ಯಾ?"

"ಅಂದೆ."

"ಯಾಕಮ್ಮ?"

"ನೀನು ಅಂಗಡಿ ತೆಗೀಲಿ, ಇವಳು ಉಣ್ಣಲಿ ಅಂತ."

"ಈಗ ಹೇಳಿದ್ರೆ ಅವಳು ಅಲ್ಲೇ ಉಳೀತಾಳೆ! ಹೇಳ್ದಿದ್ರೆ ಬರ್ತಾಳೆ. ಹೋಗ್ಲಿ ಬಿಡು, ಆಗಿದ್ದು ಆಯ್ತು, ಹರಿದುಹಾಕು ಅದನ್ನ." ಪ್ಯಾಡಿಗೆ ಕೈ ಹಾಕಿಯೇಬಿಟ್ಟ.

ಅಷ್ಟರಲ್ಲಿ ಪಿಟೀಲು ಅದನ್ನ ಎದೆಗೆ ಅವಚ್ಕೊಂಡಿದ್ಲು. "ಹಾಗಾದ್ರೆ ಅಮ್ಮ ಸುಳ್ಳು ಹೇಳಿಲ್ಲ! ಸೇತುವೆ ಮೇಲೆ ನಮ್ಮಮ್ಮ ಇದ್ಲು!" ದನಿ ಥೇಟ್ ಪಿಟೀಲೇ. "ಅಪ್ಪ, ಮುಟ್ಟಬೇಡ. ಇದು ಅಮ್ಮಂದು."

ಮಗ ಮಗಳನ್ನ ನೋಡಿದ. ಕನ್ನಡಕ ತೆಗೆದು, ಅಂಗಿಯಲ್ಲಿ ಒರೆಸಿ, ಮತ್ತೆ ಹಾಕ್ಕೊಂಡು ನೋಡಿದ. ಆಮೇಲೆ ಕೂತ. "ಕೆಲಸ ಹೋಗುತ್ತಲ್ಲಮ್ಮ ನಿಂದು" ಅಂದ.

"ಹೋಗ್ಲಿ. ನಿನ್ನ ಅಂಗಡೀಲಿ ಗಾಜು ಒರೆಸ್ತೀನಿ."

"ನೀನು ಬಂದ್ರೆ ಗಿರಾಕಿ ಯಾರೂ ಬರಲ್ಲ."

ಭಾನುವಾರ ಬೆಳಿಗ್ಗೆ ಸಂಪಾದಕರ ಮನೆ ಬಾಗಿಲು ತಟ್ಟಿದ್ಲು. ಅವರು ಗಡ್ಡಕ್ಕೆ ಸೋಪು ಹಚ್ಕೊಂಡೇ ಬಂದ್ರು. ಪ್ಯಾಡ್ ನೋಡಿ, ಪುಟದ ಮೇಲಿನ ತಾರೀಕು ನೋಡಿ, ಅವಳು ಹೇಳಿದ್ದೆಲ್ಲ ಕೇಳಿದ್ರು. ಸೋಪು ಕೆನ್ನೆ ಮೇಲೇ ಒಣಗಿಹೋಯ್ತು.

"ಇಪ್ಪತ್ತಾರು ವರ್ಷ" ಅಂದ್ರು. "ಇಡೀ ಆಫೀಸಲ್ಲಿ ನಾನು ಕಣ್ಮುಚ್ಚಿ ನಂಬ್ತಿದ್ದದ್ದು ನಿಮ್ಮೊಬ್ಬರ ಕಾಗದಾನ."

"ಹೌದು ಸಾರ್."

"ಸೊಸೆ ಅಂತ ತಾನೇ?"

"ಅಲ್ಲಿ ಸೊಸೆ ಇಲ್ಲ ಸಾರ್, ವರದಿಗಾರ್ತಿ. ಅದನ್ನ ಮರೆತೆ, ಅದೇ ತಪ್ಪು. ಶಿಕ್ಷೆ ಏನು ಬೇಕಾದ್ರೂ ಕೊಡಿ. ಆ ಎರಡು ಸಾಲು ಮಾತ್ರ ಹಾಕಿ."

ಸೋಮವಾರ ಮುಖಪುಟದಲ್ಲಿ ಆ ಪ್ಯಾಡಿನ ಪುಟದ ಫೋಟೋ ಬಂತು, ಪಕ್ಕದಲ್ಲೇ ದಪ್ಪಕ್ಷರದಲ್ಲಿ ಎರಡು ಸಾಲು, ಕೆಳಗೆ "ನಮ್ಮ ಕಚೇರಿಯ ತಪ್ಪಿನಿಂದ ಬಿಟ್ಟುಹೋಗಿದ್ದವು" ಅಂತ. ಸೈನ್ಯದ ವಕ್ತಾರ ಮತ್ತೆ ಬಾಯಿ ಬಿಡ್ಲಿಲ್ಲ. ಕಿವಿಯಮ್ಮನಿಗೆ ಎಚ್ಚರಿಕೆ ಪತ್ರ ಬಂತು. ಇನ್ನು ಮುಂದೆ ಅವಳು ಟೈಪ್ ಮಾಡಿದ್ದನ್ನ ಇನ್ನೊಬ್ಬರು ಪ್ಯಾಡಿನ ಜೊತೆ ಹೋಲಿಸಿ ನೋಡ್ತಾರೆ. ಅವಮಾನವೇ. ಅವಳು ಸಹಿ ಹಾಕಿ, ಮೆಟ್ಟಿಲಲ್ಲಿ ಆ ಮೂರು ಫೋಟೋ ಮುಂದೆ ತಲೆ ತಗ್ಗಿಸ್ಕೊಂಡು ರೂಮಿಗೆ ಹೋದ್ಲು. ಅವತ್ತು ಸಂಜೆ ಪಿಟೀಲು ಎರಡು ಸಲ ಬಡಿಸ್ಕೊಂಡು ಉಂಡ್ಲು. ಭಯ ಆಗ್ಲಿಲ್ವೇನೇ ಅಂತ ಅಪ್ಪ ಕೇಳಿದ್ದಕ್ಕೆ, "ಆಯ್ತು. ಆದ್ರೂ ಹಸಿವಾಯ್ತು" ಅಂದ್ಲು.

ಮಂಗಳವಾರ ಐದಕ್ಕೆ ಐದು ನಿಮಿಷ. ಫೋನು.

"ಬರ್ಕೊಳ್ಳಿ" ಅಂದ್ಲು ಸೊಸೆ.

"ಅದಕ್ಕೆ ಮೊದಲು ನಂದೊಂದು ಇದೆ." ನಿಯಮ ಮುರಿದು, ಒಂದು ನಿಮಿಷದಲ್ಲಿ, ಒಂದು ಪದ ಹೆಚ್ಚಿಲ್ದೆ ಎಲ್ಲ ಹೇಳಿದ್ಲು ಕಿವಿಯಮ್ಮ. ಆ ಕಡೆ ಬರೀ ಕರಕರ. ಲೈನ್ ಹೋಯ್ತಾ ಅಂತ ಹೆಡ್‌ಫೋನನ್ನ ಕಿವಿಗೆ ಒತ್ಕೊಂಡ್ಲು.

"ಅತ್ತೆ" ಅಂತ ಕೇಳಿಸ್ತು ಆಮೇಲೆ. ಆ ಲೈನ್ ಮೇಲೆ ಅವಳು ಅತ್ತೆ ಅಂತ ಕರೆದಿದ್ದು ಅದೇ ಮೊದಲು. "ಅಡುಗೆಮನೇಲಿ ನನ್ನ ಮಾತನ್ನ ಎಷ್ಟು ಬೇಕಾದ್ರೂ ಕತ್ತರಿಸಿ. ಇಲ್ಲಿ ಬೇಡ. ಆ ಮುದುಕನಿಗೆ ಇದ್ದದ್ದು ಆ ಒಂದು ಸಾಲು."

"ಇನ್ನೆಂದೂ ಕತ್ತರಿಸಲ್ಲ."

"ಸರಿ. ಬಲಗಿವಿಗೆ ಹಿಡ್ಕೊಂಡಿದೀನಿ, ಜೋರಾಗಿ ಓದ್ಬೇಕು ನೀವು. ಬರ್ಕೊಳ್ಳಿ."

ವರದಿ ಉದ್ದ ಇತ್ತು. ಸುಟ್ಟ ಹಳ್ಳಿ, ನೆಲಮಾಳಿಗೇಲಿ ಹೆರಿಗೆ ಮಾಡಿಸಿದ ಸೂಲಗಿತ್ತಿ, ಸೊಸೆ ತಾನೂ ದೀಪ ಹಿಡ್ಕೊಂಡು ನಿಂತಿದ್ದು, ತಲೆ ಮೇಲೆ ವಿಮಾನ. ಪೆನ್ಸಿಲ್ ಓಡ್ತು. ಕಿವಿಯಮ್ಮ ವಾಪಸ್ ಓದಿದ್ಲು, ಕಾರಿಡಾರಿಗೆಲ್ಲ ಕೇಳೋ ಹಾಗೆ ಜೋರಾಗಿ. ಕ್ರೀಡಾಪುಟದವನು ತನ್ನ ಸರದಿಗೆ ಬಂದೋನು ಬಾಗಿಲಲ್ಲೇ ನಿಂತುಬಿಟ್ಟ.

"ಸರಿ ಇದೆ" ಅಂದ್ಲು ಸೊಸೆ. "ಇನ್ನೊಂದು ಸಾಲು. ಅಚ್ಚಿಗಲ್ಲ. ಪಿಟೀಲು ಊಟ ಮಾಡಿದ್ಳಾ?"

"ನಿನ್ನೆ ಎರಡು ಸಲ ಬಡಿಸ್ಕೊಂಡ್ಲು" ಅಂದ್ಲು ಕಿವಿಯಮ್ಮ, ಅಷ್ಟೇ ಜೋರಾಗಿ. ಲೈನ್ ಕಟ್.

ಮನೇಲಿ ಚಪ್ಪಲಿ ಬಿಡೋ ಮೊದಲೇ ಪ್ರಶ್ನೆ ಬಂತು. ಈ ಸಲ ಕೇಳಿದ್ದು ಮಗ. ಕೈಲಿ ಸೌಟು ಇತ್ತು. "ಏನಂದ್ಲು? ಪೂರ್ತಿ ಹೇಳು ಅಮ್ಮ."

ಪ್ಯಾಡು ಆಫೀಸಲ್ಲಿತ್ತು. ಬೇಕಾಗಿರ್ಲಿಲ್ಲ. ಕಿವಿಯಮ್ಮ ಕುರ್ಚೀಲಿ ಕೂತು, ಕಣ್ಮುಚ್ಚಿ, ಮೊದಲಿಂದ ಕೊನೇವರೆಗೂ ಹೇಳಿದ್ಲು, ವಿಮಾನ, ದೀಪ, ಯಾವುದೂ ಬಿಡದೆ, ಆ ಅಚ್ಚಿಗಲ್ಲದ ಸಾಲಿನ ತನಕ. ಅನ್ನ ತಣ್ಣಗಾಯ್ತು. ಯಾರೂ ದೂರಲಿಲ್ಲ. ಮಗ ಎರಡು ಸಲ ಕಿಟಕಿ ಹತ್ರ ಹೋಗಿ ಬಂದ, ಆದ್ರೆ ನಿಲ್ಲಿಸು ಅನ್ನಲಿಲ್ಲ.

ಮಾರನೇ ಬೆಳಿಗ್ಗೆ ಪಿಟೀಲು ಪೇಪರ್ ಹರವಿ, ಸಾಲಿನ ಕೆಳಗೆ ಬೆರಳಿಟ್ಟು, ತುಟಿ ಅಲ್ಲಾಡಿಸ್ತಾ ಓದಿದ್ಲು. ಕೊನೆಗೆ ಬಂದು ತಲೆ ಎತ್ತಿದ್ಲು.

"ಅಜ್ಜಿ, ಒಂದು ಸಾಲು ಬಿಟ್ಟುಹೋಗಿದೆ."

ಕಿವಿಯಮ್ಮ ಚಹಾ ಕೆಳಗಿಟ್ಟು ಪೇಪರ್ ಮೇಲೆ ಬಗ್ಗಿದ್ಲು. "ಯಾವುದೇ?"

"ನಾನು ಊಟ ಮಾಡಿದ್ನಾ ಅಂತ ಅಮ್ಮ ಕೇಳಿದ್ದು."

"ಅಯ್ಯೋ ನಿನ್ನ! ಅದು ಅಚ್ಚಿಗಲ್ಲ ಅಂತ ಅವಳೇ ಅಂದಿದಾಳೆ ಕಣೇ."

ಪಿಟೀಲು ಒಪ್ಪಲಿಲ್ಲ. ಹೇಳಿದ್ದನ್ನ ಬಿಡಬಾರದು ಅಂತ ತಾನೇ ನಿನ್ನ ನಿಯಮ ಅಂತ ಅಜ್ಜಿಗೇ ಪಾಠ ಹೇಳಿ, ಪೆನ್ಸಿಲ್ ತಂದು, ಅಮ್ಮನ ವರದಿ ಮುಗಿಯೋ ಕಡೆ, ಪೇಪರಿನ ಅಂಚಲ್ಲಿ, ಆ ಸಾಲನ್ನೂ ಬರೆದ್ಲು.